ಬರೋಬ್ಬರಿ

ದರ್ಶಿನಿಯ ಗೋಡೆಯ ಮೇಲಿನ ಟೀವಿಯಲ್ಲಿ ಸುದ್ದಿ ಓದುವ ಹುಡುಗಿ ‘ಬರೋಬ್ಬರಿ ನಾಲ್ಕು ಕೋಟಿ’ ಎಂದು ಕೂಗಿದ್ದೇ ತಡ, ಮಧುಮತಿಯ ಕೈಯಲ್ಲಿದ್ದ ಇಡ್ಲಿಯ ಚೂರು ಚಟ್ನಿಗೆ ಬಿದ್ದು ಅಲ್ಲೇ ಉಳಿಯಿತು. ಯಾವುದಕ್ಕೆ ನಾಲ್ಕು ಕೋಟಿ, ಯಾರದು, ಕೊಟ್ಟರೋ ಕದ್ದರೋ ಒಂದೂ ಅವಳ ಕಿವಿಗೆ ಬೀಳಲಿಲ್ಲ. ಆ ಒಂದು ಮಾತು ಮಾತ್ರ ಬಿಟಿಎಮ್ಮಿನ ಬೆಳಗಿನ ಗದ್ದಲವನ್ನೆಲ್ಲ ದಾಟಿಕೊಂಡು ಬಂದು ಅವಳ ತಟ್ಟೆಯ ಪಕ್ಕದಲ್ಲೇ ನಿಂತುಕೊಂಡಿತು. ಎದುರಿಗೆ ವಡೆ ಮುರಿಯುತ್ತಿದ್ದ ಶ್ವೇತಾ, ಅವಳ ರೂಮಿನವಳು, ಅವಳ ಊರಿನ ಕಡೆಯವಳೇ, ಹುಬ್ಬು ಹಾರಿಸಿದಳು.

“ಯಾಕ ಲೇ, ಖಾರ ಆತೇನು?”

“ಶ್ವೇತಾ, ಬರೋಬ್ಬರಿ ಅಂದ್ರ ಏನು?”

“ಹುಚ್ಚಿ ಅದಿಯೇನು? ಬರೋಬ್ಬರಿ ಅಂದ್ರ ಬರೋಬ್ಬರಿ.”

“ಹಂಗಲ್ಲ. ಊರಾಗ ಏನು, ಇಲ್ಲಿ ಏನು?”

“ಊರಾಗ ಸರಿ ಅಂತ. ಇಲ್ಲಿ ಟೀವಿಯವ್ರು ಬಾಳ ಅಂತ ಅಂತಾರ. ಅಷ್ಟಕ್ಕ ಮುಖ ಯಾಕ ಸಣ್ಣ ಮಾಡೀದಿ? ಬಿಲ್ ನೋಡು, ಬರೋಬ್ಬರಿ ನೂರಾ ಇಪ್ಪತ್ತು ರೂಪಾಯಿ. ಎರಡೂ ಅರ್ಥದಾಗ.”

ಶ್ವೇತಾ ತನ್ನ ಜೋಕಿಗೆ ತಾನೇ ಜೋರಾಗಿ ನಕ್ಕಳು. ಮಧುಮತಿಯೂ ನಕ್ಕಂತೆ ಮಾಡಿ ಕೈ ತೊಳೆಯಲು ಹೋದಳು. ನಲ್ಲಿಯ ಮೇಲಿನ ಕನ್ನಡಿಯಲ್ಲಿ ಅವಳ ಮುಖ ನೀರಿನ ಕಲೆಗಳ ಹಿಂದೆ ಅಲ್ಲಲ್ಲಿ ಮಾತ್ರ ಕಾಣುತ್ತಿತ್ತು. ಈ ಊರಿಗೆ ಬಂದ ಮೇಲೆ ತನ್ನ ಮಾತನ್ನು ಅವಳು ಹಬ್ಬದ ಸೀರೆಯ ಹಾಗೆ ಮಡಚಿ ಒಳಗಿಟ್ಟಿದ್ದಳು. ‘ಅದ’ ಎನ್ನುವಲ್ಲಿ ‘ಇದೆ’, ‘ಹೂನ್ರಿ’ ಎನ್ನುವಲ್ಲಿ ‘ಹೌದು ಸಾರ್’. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಗಿರಾಕಿಗಳಿಗೆ ಜೆ.ಪಿ. ನಗರದ ಮನೆಯೊಂದನ್ನು ತೋರಿಸುವಾಗ ಆ ಮನೆಯ ಅಜ್ಜಿ, “ಯಾಕಮ್ಮ ಜಗಳ ಆಡ್ತಿದೀಯ?” ಎಂದು ಕೇಳಿದ್ದರು. ಅವಳು ಬಚ್ಚಲಿಗೆ ಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂದಷ್ಟೇ ಹೇಳುತ್ತಿದ್ದಳು. ಅಂದಿನಿಂದ ಬಾಯಿ ತೆರೆಯುವ ಮೊದಲು ಪ್ರತಿ ಮಾತನ್ನೂ ಒಮ್ಮೆ ಒಳಗೇ ಆಡಿ ನೋಡಿಕೊಳ್ಳುವುದು ರೂಢಿಯಾಗಿ, ಎಷ್ಟೋ ಸಲ ಆಡಿದ್ದು ಯಾವುದು, ಒಳಗೇ ಉಳಿದದ್ದು ಯಾವುದು ಎಂಬುದೇ ಗೊತ್ತಾಗದೆ ಹೋಗುತ್ತಿತ್ತು. ಹಾಗಿರುವಾಗ, ಇದ್ದ ಮನೆ ಮಾರಲು ಹೊರಟ ಜಯದೇವಿ ಆಂಟಿಯ ಮನೆಯ ಹಾಲಿನಲ್ಲಿ, ಅಷ್ಟು ಕಾದು ಕೂತು ಕೊನೆಗೆ ಬಾಯಿಂದ ಬಿದ್ದ ಮಾತು ಆ ಕಡೆಯದೋ ಈ ಕಡೆಯದೋ ಎಂದು ಈಗ ಯಾರನ್ನು ಕೇಳುವುದು?

ಆ ದಿನ ಅವಳ ಆಫೀಸಿನ ಯಜಮಾನ, ಮನೆ ಬ್ರೋಕರ್ ಗೌರೀಶಂಕರ್ ಸಾರ್ ಚಿಕ್ಕಲಸಂದ್ರದ ಆ ಮೂರನೇ ಮಹಡಿಗೆ ಏದುಸಿರು ಬಿಡುತ್ತ ಹತ್ತಿ, ಆಂಟಿ ಕೊಟ್ಟ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಗೋಡೆಯನ್ನು ಬೆರಳ ಗೆಣ್ಣಿನಿಂದ ತೆಂಗಿನಕಾಯಿ ನೋಡುವವರ ಹಾಗೆ ಟಕಟಕ ಬಡಿದು, “ತೊಂಬತ್ತೈದು ಲಕ್ಷ, ಮೇಡಂ. ಕಣ್ಣು ಮುಚ್ಕೊಂಡು,” ಎಂದಿದ್ದರು. ಲಿಫ್ಟಿಲ್ಲದ ಹಳೆಯ ಕಟ್ಟಡ, ಎರಡು ರೂಮು, ಹಾಲಿನಲ್ಲಿ ಒಂದು ಹೊಲಿಗೆ ಯಂತ್ರ, ಸುತ್ತ ಬಣ್ಣಬಣ್ಣದ ಬ್ಲೌಸ್ ಪೀಸುಗಳ ಗುಡ್ಡೆ. ಆಂಟಿ ಸಂತೋಷಪಡಲು ಹೊರಟು ಅರ್ಧಕ್ಕೆ ತಡೆದು, ಮೂಲೆಯ ಸ್ಟೂಲಿನ ಮೇಲೆ ಫೈಲು ತಬ್ಬಿಕೊಂಡು ಕೂತಿದ್ದ ಅವಳ ಕಡೆ ತಿರುಗಿದ್ದರು. “ನೀನು ಹೇಳಮ್ಮ. ನಿನ್ನ ಮುಖ ನೋಡಿದ್ರೆ ಸುಳ್ಳು ಹೇಳೋ ಥರ ಕಾಣಲ್ಲ.” ಅವಳ ತಲೆಯೊಳಗೆ ಬೇರೆ ಸಂಖ್ಯೆಯೇ ಇತ್ತು. ಸುತ್ತಮುತ್ತ ಈಚೆಗೆ ಮಾರಾಟವಾದ ಮನೆಗಳ ಬೆಲೆ ಕೂಡಿಸಿ ಕಳೆದು ನೋಡುವುದು ಆಫೀಸಿನಲ್ಲಿ ಅವಳದೇ ಕೆಲಸ. ಹಿಂದಿನ ಸಂಜೆ ತಾನೇ ಮಾಡಿಟ್ಟಿದ್ದಳು. ಸಾರ್ ಕಾಲು ಕುಣಿಸುತ್ತಿದ್ದರು. ಫ್ಯಾನು ತಿರುಗುತ್ತಿತ್ತು. ಆಂಟಿ ಕಾಯುತ್ತಿದ್ದರು. ಆಗ ಅವಳ ಬಾಯಿ, “ಬರೋಬ್ಬರಿ ಆತ್ರೀ,” ಎಂದಿತು. ಆಂಟಿಯ ಮುಖ ಅರಳಿದ ರೀತಿಗೆ ಅವಳು ಬೆಚ್ಚಿಬಿದ್ದಳು. ಮೆಟ್ಟಿಲಿಳಿಯುವಾಗ ಸಾರ್ ಕೂಡ, “ಚೆನ್ನಾಗಿ ಹೇಳ್ದೆ ಕಣಮ್ಮ,” ಎಂದು ಬೆನ್ನ ಹಿಂದಿನಿಂದ ಅಂದರು. ನಾನಂದದ್ದು ಇಲ್ಲಿಯ ಬರೋಬ್ಬರಿ, ‘ಬಾಳ ಆತು, ಅಷ್ಟು ಬರಂಗಿಲ್ಲ’ ಎಂದು ಸೂಕ್ಷ್ಮವಾಗಿ ತಿಳಿಸಿದೆ, ತಿಳಿಯದಿದ್ದರೆ ನನ್ನ ತಪ್ಪಲ್ಲ ಎಂದು ಬಸ್ಸಿನುದ್ದಕ್ಕೂ ಅವಳು ತನಗೆ ಹೇಳಿಕೊಂಡಳು. ಹಾಗಾದರೆ ಆಂಟಿಯ ಮುಖ ಅರಳಿದಾಗ ಬೆಚ್ಚಿದ ಮರುಕ್ಷಣವೇ ತನಗೆ ಅಷ್ಟು ಹಾಯೆನಿಸಿದ್ದು ಯಾಕೆ? ಎರಡೂ ಕಡೆಯವರಿಗೆ ಒಪ್ಪುವ ಮಾತು ಸಿಕ್ಕಿತೆಂಬ ಹಾಯಿ ಅದು. 

ಜಯನಗರದ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದಾಗ ಆಂಟಿಯದೇ ಫೋನು ಬಂತು. ಹಿನ್ನೆಲೆಯಲ್ಲಿ ಯಂತ್ರದ ಗಡಗಡ.

“ಮಧು, ಎಲ್ಲಿದೀಯೇ? ಕೇಳು, ಇವತ್ತು ಸಾಯಂಕಾಲ ಕೋಣನಕುಂಟೆಗೆ ಹೋಗಿ ನಾನು ತಗೊಳ್ಳೋ ಮನೆಗೆ ಅಡ್ವಾನ್ಸ್ ಕೊಟ್ಟು ಬಂದ್ಬಿಡ್ತೀನಿ. ಎಫ್‌ಡಿ ಮುರಿಸಿ ಆಯ್ತು.”

“ಇವತ್ತೇನಾ ಆಂಟಿ? ನಿಮ್ಮನೆಗೆ ಇನ್ನೂ ಯಾರೂ ಬಂದಿಲ್ಲ…”

“ಬರ್ತಾರೆ ಬಿಡೆ. ತೊಂಬತ್ತೈದಕ್ಕೆ ಎಪ್ಪತ್ತೆರಡು ಕೊಡ್ತೀನಿ ಅಂತ ಮೊನ್ನೆ ಒಬ್ಬ ಬಂದಿದ್ದ, ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸ್ದೆ. ಆ ಮನೆ ಬಿಟ್ರೆ ಅಂಥಾದ್ದು ಸಿಗಲ್ಲ ನಂಗೆ. ಗ್ರೌಂಡ್ ಫ್ಲೋರು, ರೋಡಿಗೇ ಒಂದು ರೂಮು, ಬೋರ್ಡ್ ಹಾಕಿದ್ರೆ ಅಂಗಡಿಯೇ ಆಗೋಯ್ತು. ಇಲ್ಲಿ ಮೂರು ಮಹಡಿ ಹತ್ತಿ ಬ್ಲೌಸ್ ಕೊಡೋಕೆ ಯಾರು ಬರ್ತಾರೆ? ನೀನೂ ಬಾ ಸಾಯಂಕಾಲ. ಬರೋಬ್ಬರಿ ಇದ್ಯಾ ಅಂತ ನೋಡಿ ಹೇಳು.”

ಫೋನು ಕಟ್ಟಾದ ಮೇಲೂ ಅವಳು ಅದನ್ನು ಕಿವಿಯ ಬಳಿಯೇ ಹಿಡಿದಿದ್ದಳು. ಹಿಂದಿನಿಂದ ಯಾರೋ, “ಮೇಡಂ, ಇಳೀತೀರಾ ಇಲ್ವಾ?” ಎಂದರು. ಇಳಿಯಬೇಕಾದ್ದು ಮುಂದಿನ ಸ್ಟಾಪು, ಇಳಿದುಬಿಟ್ಟಳು. ಕೊಟ್ಟ ಅಡ್ವಾನ್ಸು ಹೇಳಿದ ದಿನಕ್ಕೆ ಬಾಕಿ ಹಣ ಹೊಂದದಿದ್ದರೆ ಹೋದಂತೆಯೇ ಎಂದು ಬೇರೆ ಯಾರಿಗೂ ಅಲ್ಲ, ಅವಳಿಗೇ ಚೆನ್ನಾಗಿ ಗೊತ್ತಿತ್ತು. ಆ ಎಫ್‌ಡಿಯ ಒಂದೊಂದು ರೂಪಾಯಿಯೂ ಒಂದೊಂದು ತೋಳು, ಒಂದೊಂದು ಕುತ್ತಿಗೆ, ಒಂದೊಂದು ಹುಕ್ಕು. ಎಪ್ಪತ್ತೆರಡು ಎಂದವನನ್ನು ಆಂಟಿ ಓಡಿಸಿದ್ದು ಸಾರ್ ಹೇಳಿದ ತೊಂಬತ್ತೈದರ ಬಲದಿಂದಲ್ಲ, ತಾನಂದ ಒಂದು ಮಾತಿನ ಬಲದಿಂದ. ಒಂದು ಸ್ಟಾಪಿನ ದೂರವನ್ನು ಅವಳು ಫುಟ್‌ಪಾತಿನ ಹೂವಿನವರ, ಕಡಲೆಕಾಯಿಯವರ ನಡುವೆ ಯಾರ ಮೈಗೂ ತಾಗದ ಹಾಗೆ ಮೈ ಕುಗ್ಗಿಸಿಕೊಂಡು ನಡೆದಳು.

ಆಫೀಸೆಂದರೆ ಕಾಂಪ್ಲೆಕ್ಸಿನ ಹಿಂದಿನ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ಸಾರ್ ಬಸವಣ್ಣನ ಪಟಕ್ಕೆ ಊದುಬತ್ತಿ ಹಚ್ಚಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಫೋನಿನಲ್ಲಿ ಯಾರಿಗೋ, “ಒಂದು ಕೋಟಿ ಮೂವತ್ತು ಸಾರ್, ಅದಕ್ಕಿಂತ ಕಮ್ಮಿಗೆ ಕೊಟ್ರೆ ನಂಗೇ ಬೇಜಾರಾಗತ್ತೆ,” ಎನ್ನುತ್ತಿದ್ದರು. ಖುಷಿ ರೇಟು. ಹಾಗೆಂದು ಹೆಸರಿಟ್ಟವರೂ ಅವರೇ. ಮೊದಲ ದಿನ ಮಾಲೀಕರಿಗೆ ಹೇಳುವುದು ಖುಷಿ ರೇಟು. ಮನೆಯ ಇನ್ನೊಂದು ಕೀಲಿಕೈ ಕೈಗೆ ಬಂದು, ಮೂರ್ನಾಲ್ಕು ವಾರ ಯಾರೂ ಹೊಸ್ತಿಲು ತುಳಿಯದೆ, ಮಾಲೀಕರೇ ಸೋತು ಫೋನು ಮಾಡಿದಾಗ ಮೆಲ್ಲಗೆ, ಬಿಸಿ ಹಾಲನ್ನು ಲೋಟದಿಂದ ಲೋಟಕ್ಕೆ ಆರಿಸುವ ಹಾಗೆ, ಆಗುವ ರೇಟಿಗೆ ಇಳಿಸುವುದು. ಅವರು ಅದನ್ನು ಮೋಸವೆಂದು ಎಂದೂ ಎಣಿಸಿದವರಲ್ಲ. “ನಾವು ಸುಳ್ಳು ಹೇಳಲ್ಲಮ್ಮ, ನಿಜಾನ ಸ್ವಲ್ಪ ತಡವಾಗಿ ಹೇಳ್ತೀವಿ ಅಷ್ಟೆ,” ಎನ್ನುತ್ತಿದ್ದರು. ಅವರನ್ನು ದ್ವೇಷಿಸಲು ಅವಳಿಗೆ ಆಗುತ್ತಿರಲಿಲ್ಲ. ಅವಳಿಗೆ ಜ್ವರ ಬಂದಾಗ ಸ್ಕೂಟರಿನ ಹುಕ್ಕಿಗೆ ಸಾರಿನ ಡಬ್ಬಿ ನೇತುಹಾಕಿಕೊಂಡು ಬಿಟಿಎಮ್ಮಿನ ಗಲ್ಲಿಗಳಲ್ಲಿ ಅವಳ ರೂಮು ಹುಡುಕಿ, ಹುಡುಗಿಯರ ಪೀಜಿಯೊಳಗೆ ಬರಲು ನಾಚಿ, ಡಬ್ಬಿಯನ್ನು ವಾಚ್‌ಮನ್ನನ ಕೈಯಲ್ಲಿ ಕೊಟ್ಟು ಕೆಳಗೆ ರಸ್ತೆಯಲ್ಲೇ ನಿಂತು, “ಕುಡಿದ್ಯಾ? ಬಿಸಿ ಇತ್ತಾ?” ಎಂದು ಫೋನಿನಲ್ಲಿ ಕೇಳಿದವರು ಅವರು.

“ಸಾರ್, ಜಯದೇವಿ ಆಂಟಿ ಇವತ್ತು ಅಡ್ವಾನ್ಸ್ ಕೊಡ್ತಾರಂತೆ.”

“ಯಾರಿಗೆ?”

“ಕೋಣನಕುಂಟೆ ಮನೆಗೆ.”

ಸಾರ್ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟರು. “ಅಯ್ಯೋ, ಇಷ್ಟು ಬೇಗನಾ? ಇನ್ನೂ ಇಳಿಸೇ ಇಲ್ವಲ್ಲಮ್ಮ ನಾವು.”

“ಹೇಳಿಬಿಡೋಣ ಸಾರ್. ನಿಜವಾದ್ದು.”

“ಹೇಳೋಣ. ಹೇಳಬಾರದು ಅಂದ್ನಾ? ಆದ್ರೆ ಒಂದೇ ಸಲ ಹೇಳಿದ್ರೆ ಆ ಹೆಂಗಸು ಕೀಲಿಕೈ ಕಿತ್ಕೊಂಡು ಹೋಗಿ ಎದುರು ರೋಡಿನ ಬ್ರೋಕರ್‌ಗೆ ಕೊಡ್ತಾರೆ. ಅವನೇನಂತಾನೆ ಗೊತ್ತಾ? ಕೋಟಿ ಅಂತಾನೆ! ಆಮೇಲೆ ಅವರ ಗತಿ? ನಮ್ಮ ಹತ್ರ ಇದ್ರೆ ಕೊನೆಗಾದ್ರೂ ನಿಜ ಗೊತ್ತಾಗತ್ತೆ.” ಅವರು ಅದನ್ನು ಮನಸಾರೆ ನಂಬಿ ಹೇಳುತ್ತಿದ್ದರು, ಅದೇ ಅವಳನ್ನು ಸುಸ್ತು ಮಾಡುತ್ತಿತ್ತು. “ಹೋಗು. ಮಾರ್ಕೆಟ್ ಸ್ವಲ್ಪ ಡಲ್ ಇದೆ ಆಂಟಿ ಅನ್ನು. ಆಷಾಢ ಅನ್ನು. ಇವತ್ತಿಗೆ ತೊಂಬತ್ತಕ್ಕೆ ತಂದು ನಿಲ್ಸು, ಅಡ್ವಾನ್ಸ್ ಒಂದು ವಾರ ಮುಂದಕ್ಕೆ ಹಾಕ್ಸು. ಮಿಕ್ಕಿದ್ದು ನಂಗೆ ಬಿಡು. ತಿಂಡಿ ತಿಂದ್ಯಾ?”

“ತಿಂದೆ ಸಾರ್.”

“ಮುಖ ನೋಡಿದ್ರೆ ತಿಂದಂಗಿಲ್ಲ.”

ಚಿಕ್ಕಲಸಂದ್ರದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಬನಶಂಕರಿ ದಾಟುವವರೆಗೂ ಅವಳು ಮಾತು ಜೋಡಿಸಿದಳು. ಆಂಟಿ, ಮಾರ್ಕೆಟ್ ಡಲ್ ಇದೆ. ಆಂಟಿ, ಆಷಾಢ. ಆಂಟಿ, ನಾನವತ್ತು ಅಂದದ್ದು ಇಲ್ಲಿಯ ಅರ್ಥದಲ್ಲಿ. ಕೊನೆಯದು ಎಷ್ಟು ಚೆನ್ನಾಗಿತ್ತೆಂದರೆ ಅದನ್ನೇ ಮತ್ತೆಮತ್ತೆ ಆಡಿಕೊಂಡಳು. ಯಾರೂ ತಪ್ಪಿತಸ್ಥರಲ್ಲ, ತಪ್ಪೆಲ್ಲ ಕನ್ನಡದ್ದು. ನಗೆಯಾಡಿ ಮುಗಿಸಬಹುದು. ಆಂಟಿಯೂ ನಕ್ಕಾರು. ಆಮೇಲೆ ಅದು ಶ್ವೇತಾಳಿಗೆ ಹೇಳುವ ಕತೆಯಾದೀತು. ಸಿಗ್ನಲಿನಲ್ಲಿ ಬಸ್ಸು ನಿಂತಾಗ ಪಕ್ಕದ ಕಟ್ಟಡದ ಮೇಲೆ ಅಪಾರ್ಟ್‌ಮೆಂಟಿನ ಜಾಹೀರಾತು, ಹಸಿರು ಹುಲ್ಲಿನ ಮೇಲೆ ನಗುವ ಗಂಡ ಹೆಂಡತಿ ಮಗು. ಅವರಿಗೂ ಯಾರೋ ಮೊದಲ ದಿನದ ಬೆಲೆ ಹೇಳಿ ನಗಿಸಿದ್ದಾರೆ ಎನಿಸಿತು. ನಗಿಸುವುದು ಅಷ್ಟು ಕೆಟ್ಟದ್ದೇ? ಅವಳ ಅವ್ವ ರೇಣುಕವ್ವ ಫೋನಿನಲ್ಲಿ ಕೇಳಿದಾಗಲೆಲ್ಲ ಅವಳು, “ಬೆಂಗಳೂರು ಬಾಳ ಚಲೋ ಅದ ಯವ್ವಾ, ಎಲ್ಲಾರೂ ಮನೀಯವರಂಗ ನೋಡ್ಕೋತಾರ,” ಎನ್ನುತ್ತಿದ್ದಳು. ಅವ್ವನ ದನಿ ಹಗುರಾಗುವುದನ್ನು ಕೇಳಲೆಂದೇ ಅನ್ನುತ್ತಿದ್ದಳು. ಅವ್ವ ಅದನ್ನು ನಂಬಿ ಎಲ್ಲಿಗೂ ಅಡ್ವಾನ್ಸ್ ಕೊಡುವವಳಲ್ಲವಲ್ಲ ಎಂದುಕೊಂಡಾಗ ಬಸ್ಸು ಮತ್ತೆ ಹೊರಟಿತು.

ಆಂಟಿ ಬಾಗಿಲು ತೆರೆದಾಗ ಬಾಯಿಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡಿದ್ದರು. ಕೈ ಹಿಡಿದು ಒಳಗೆಳೆದು, ಸೂಜಿಗಳನ್ನು ಒಂದೊಂದಾಗಿ ತೆಗೆದು ಪಿನ್ ಕುಶನ್ನಿಗೆ ಚುಚ್ಚಿದ ಮೇಲೆಯೇ ಮಾತು.

“ಸಾಯಂಕಾಲ ಬಾ ಅಂದ್ರೆ ಈಗಲೇ ಬಂದ್ಯಾ? ಒಳ್ಳೇದಾಯ್ತು, ನಿಂತ್ಕೋ. ಒಂದು ಪೀಸು ಉಳಿದಿದೆ, ನಿಂಗೆ ಬ್ಲೌಸ್ ಹೊಲಿದುಕೊಡ್ತೀನಿ. ಅಲ್ಲಮ್ಮ, ಯಾವನು ಹೊಲಿದಿದ್ದು ಈ ಕುರ್ತಾನ, ಗೋಣಿಚೀಲ?”

“ಬೇಡ ಆಂಟಿ, ನಾನು ಒಂದು ಮಾತು…”

“ಮಾತು ಎಲ್ಲಿಗೆ ಹೋಗತ್ತೆ? ತಿರುಗು ಆ ಕಡೆ.”

ಹೆಗಲ ಮೇಲೆ ಟೇಪು ತಣ್ಣಗೆ ಬಿತ್ತು. ಆಂಟಿಯ ಬೆರಳುಗಳಿಗೆ ಸೀಮೆಸುಣ್ಣದ, ಮಿಷನ್ ಎಣ್ಣೆಯ ವಾಸನೆ. ಅಳೆಯುತ್ತ ಅವರು ಮಾತಾಡುತ್ತಲೇ ಇದ್ದರು: ಕೋಣನಕುಂಟೆಯ ಆ ಮನೆಯ ಮುಂದೆ ಒಂದು ಹೊಂಗೆ ಮರ, ಅದರ ಕೆಳಗೆ ಗಿರಾಕಿಗಳಿಗೆ ಒಂದು ಬೆಂಚು, ಇಲ್ಲಿಯ ಕೆಳಗಿನ ಮನೆಯ ಕೆಂಪಕ್ಕ ಈಚೆಗೆ ದಪ್ಪವಾಗಿರುವುದು. “ದಪ್ಪ ಆಗಿದೀರಾ ಅಂತ ನಾನು ಯಾರಿಗೂ ಹೇಳಲ್ಲಪ್ಪ. ಬಟ್ಟೆ ಕುಗ್ಗಿದೆ ಅಂತೀನಿ. ಪಾಪ, ಎಷ್ಟು ಖುಷಿ ಪಡ್ತಾರೆ ಗೊತ್ತಾ?” ಎಂದು ನಕ್ಕರು. ಮಧುಮತಿಯ ಎದುರಿಗೆ ಬಾಲ್ಕನಿಯ ಬಾಗಿಲಿತ್ತು. ಆ ಬಾಗಿಲಿನಿಂದ ಗಾಳಿ ಬಂದು ಹಾಲಿನಲ್ಲಿ ನೇತಾಡುತ್ತಿದ್ದ ಬ್ಲೌಸುಗಳ ತೋಳುಗಳನ್ನೆಲ್ಲ ಎತ್ತಿ ಇಳಿಸುತ್ತಿತ್ತು. ಮುಖ ನೋಡಬೇಕಾಗಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಆಂಟಿ ಬೆನ್ನ ಹಿಂದಿದ್ದಾರೆ. ಎದುರಿಗೆ ಬರೀ ಗಾಳಿ.

“ಆಂಟಿ, ಈ ಮನೀಗೆ ತೊಂಬತ್ತೈದು ಬರಂಗಿಲ್ರೀ.”

ಒಳಗೆ ಆಡಿ ನೋಡಿಕೊಳ್ಳದೆ ಹೊರಗೆ ಬಂದ ಮಾತು. ಜೋಡಿಸಿಟ್ಟದ್ದು ಒಂದೂ ಅಲ್ಲ. ಬೆನ್ನ ಮೇಲೆ ಟೇಪು ನಿಂತಿತು.

“ಏನಂದೆ?”

“ಅಷ್ಟು ಬರಂಗಿಲ್ಲ. ಇವತ್ತು ಅಡ್ವಾನ್ಸ್ ಕೊಡಬ್ಯಾಡ್ರಿ.”

“ನೀನೇ ಅಂದ್ಯಲ್ಲೇ. ಇದೇ ಹಾಲಿನಲ್ಲಿ. ಬರೋಬ್ಬರಿ ಅಂತ.”

“ಅಂದೆ. ಇಲ್ಲಿಯವರು ಅಂತಾರಲ್ರೀ, ಟೀವಿಯಾಗ, ಬಾಳ ಅನ್ನೋದಕ್ಕ. ಹಂಗ ಅಂದೆ.”

“ನೀನು ಇಲ್ಲಿಯವಳಾ?”

ಬಸ್ಸಿನಲ್ಲಿ ಅಷ್ಟು ಚೆನ್ನಾಗಿ ಕೂತಿದ್ದ ಸಮಜಾಯಿಷಿ ಈ ಒಂದು ಪ್ರಶ್ನೆಗೆ ಸಡಿಲಾಗಿ ಬಿದ್ದುಹೋಯಿತು. “ಅಲ್ರೀ,” ಎಂದಳು. “ಹಂಗ ಅಂದೆನೋ ಹಿಂಗ ಅಂದೆನೋ ನನಗೂ ಗೊತ್ತಿಲ್ರೀ. ಸಾರ್ ಎದುರಿಗೆ ಕುಂತಿದ್ರು. ನೀವು ಕೇಳಿದ್ರಿ. ಇಬ್ಬರಿಗೂ ಬ್ಯಾಸರ ಆಗಬಾರದು ಅನ್ನಿಸ್ತು,” ಎಂದಳು.

ಆಂಟಿ ಟೇಪನ್ನು ಅವಳ ಹೆಗಲಿನಿಂದ ಎಳೆದುಕೊಂಡು ತಮ್ಮ ಕುತ್ತಿಗೆಗೆ ಹಾಕಿಕೊಂಡರು. ಯಂತ್ರದ ಮುಂದಿನ ಕುರ್ಚಿಯಲ್ಲಿ ಕೂತರು. ಕೂತವರು ಮಧುಮತಿಯ ಕಡೆ ನೋಡದೆ, ಹೊಲಿಯುತ್ತಿದ್ದ ತೋಳಿನ ಅಂಚನ್ನು ಉಗುರಿನಿಂದ ಮಡಚುತ್ತ ಮಾತಾಡಿದರು. “ನಮ್ಮತ್ತೆ ಹುಬ್ಬಳ್ಳಿಯವರು. ಮಾತು ಕಮ್ಮಿ, ಹೊಗಳೋದಂತೂ ಇಲ್ವೇ ಇಲ್ಲ. ನಾನು ಮದುವೆಯಾಗಿ ಬಂದು ಎಷ್ಟೋ ವರ್ಷ, ಏನು ಮಾಡಿದ್ರೂ ಒಂದು ಹ್ಞೂಂ ಇಲ್ಲ. ಯಾವಾಗ್ಲೋ ಒಂದ್ಸಲ ಪಲ್ಯ ಬಾಯಿಗೆ ಹಾಕ್ಕೊಂಡು ‘ಬರೋಬ್ಬರಿ ಆಗ್ಯದ’ ಅಂದ್ರೆ ಅವತ್ತು ನಂಗೆ ಹಬ್ಬ. ಅವರು ಹೋದ ಮೇಲೆ ಆ ಮಾತು ಯಾರ ಬಾಯಲ್ಲೂ ಕೇಳಿರಲಿಲ್ಲ ಕಣೆ ನಾನು. ಟೀವಿಯವರದ್ದು ಬಿಡು, ಅದು ಮಾತಾ? ನೀನು ಅಂದಾಗ ಅವರೇ ಅಂದ್ರು ಅನ್ನಿಸ್ತು. ನಿಮ್ಮ ಸಾರ್ ಹೇಳಿದ್ದನ್ನ ನಾನು ನಂಬಿರಲಿಲ್ಲ. ಬ್ರೋಕರ್ ಹೇಳಿದ್ದನ್ನ ಯಾರು ನಂಬ್ತಾರೆ?”

ಮಧುಮತಿಗೆ ಕಣ್ಣು ತುಂಬಿತು. ಅಳುವುದು ಇಲ್ಲಿ ಇನ್ನೊಂದು ಬಗೆಯ ಮೋಸವಾದೀತು ಎನಿಸಿ ಬಾಲ್ಕನಿಯ ಆಚೆಯ ನೀರಿನ ಟ್ಯಾಂಕುಗಳನ್ನು ನೋಡುತ್ತ ನಿಂತಳು. ಕರಿ ಟ್ಯಾಂಕು, ಬಿಳಿ ಟ್ಯಾಂಕು, ಒಂದರ ಮೇಲೆ ಒಣಗಲು ಹಾಕಿದ ಸಾಕ್ಸು.

“ನನಗೂ ಬಟ್ಟೆ ಕುಗ್ಗಿದೆ ಅಂತ ಹೇಳ್ಬಿಟ್ಯಾ ನೀನು?” ಎಂದರು ಆಂಟಿ. ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ, ಅಥವಾ ಸಿಟ್ಟು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಕೂತಿತ್ತು. “ಹಾಗಾದ್ರೆ ಎಷ್ಟು? ಹೇಳು. ಈ ಸಲ ಒಂದೇ ಅರ್ಥ ಇರೋ ಹಾಗೆ ಹೇಳು.”

“ಎಪ್ಪತ್ತೆಂಟು.”

“ಎಪ್ಪತ್ತೆಂಟು,” ಎಂದು ಆಂಟಿ ಆ ಸಂಖ್ಯೆಯನ್ನು ಬಟ್ಟೆಯ ಹಾಗೆ ಎರಡೂ ಕಡೆ ತಿರುಗಿಸಿ ನೋಡಿದರು. ಅವರ ತುಟಿಗಳು ಸದ್ದಿಲ್ಲದೆ ಅಲ್ಲಾಡಿದವು. ಎದ್ದು ಫೋನು ತೆಗೆದು ಕೋಣನಕುಂಟೆಯ ಮನೆಯವರಿಗೆ ಹಚ್ಚಿದರು. “ಸುಧಾಮಣಿಯವರೇ, ನಾನು ಜಯದೇವಿ. ಇವತ್ತು ಬೇಡ ಅಂತಿದಾರೆ ನಮ್ಮ ಮನೇಲಿ. ದಿನ ಚೆನ್ನಾಗಿಲ್ವಂತೆ. ಹ್ಞೂಂ, ದೊಡ್ಡವರು ಹೇಳಿದ ಮೇಲೆ…” ಮನೆಯಲ್ಲಿ ಅವರನ್ನು ಬಿಟ್ಟು ಇದ್ದದ್ದು ಮಧುಮತಿ ಒಬ್ಬಳೇ. ದೊಡ್ಡವರೆಂದರೆ ತಾನೇ ಎಂದು ಅರಿವಾಗಿ ಅವಳ ಕಿವಿ ಬೆಚ್ಚಗಾಯಿತು. “ಆದ್ರೆ ರೇಟಲ್ಲಿ ನೀವು ಇನ್ನೊಂದು ಸ್ವಲ್ಪ ಬಿಡ್ಬೇಕು. ನಾಳೆ ಬಂದು ಕೂತು ಮಾತಾಡ್ತೀನಿ. ಬೇರೆಯವರಿಗೆ ಕೊಡ್ಬೇಡಿ.” ಫೋನಿಟ್ಟಾಗ ಅವರ ಮುಖಕ್ಕೆ ಅರ್ಧ ಬೆಳಕು ಮರಳಿತ್ತು. “ಎಪ್ಪತ್ತೆಂಟು ಅಂದ್ರೆ, ಅವಳು ಸ್ವಲ್ಪ ಬಿಟ್ರೆ, ಇರೋದೆಲ್ಲ ಸೇರಿಸಿದ್ರೆ, ಆಗ್ಬಿಡತ್ತೆ ಕಣೆ! ತುದೀಲಿ ನಿಂತ ಹಾಗೆ, ಆದ್ರೂ ಆಗತ್ತೆ. ನೀನು ಇವತ್ತು ಹೇಳಿದ್ದೇ ಒಳ್ಳೇದಾಯ್ತು. ಕಾಫಿ ಮಾತ್ರ ಕೊಡಲ್ಲ ನಿಂಗೆ. ಕೊಡೋ ಮನಸ್ಸಿಲ್ಲ ಇವತ್ತು. ಹೋಗು.”

“ಹೂನ್ರಿ,” ಎಂದು ಅವಳು ಚಪ್ಪಲಿ ಮೆಟ್ಟಿದಳು. ಎಂದೋ ಹೊತ್ತ ಮೂಟೆಯೊಂದನ್ನು ಆ ಮನೆಯೊಳಗೇ ಇಳಿಸಿ ಬಂದ ಹಾಗೆ ಮೆಟ್ಟಿಲುಗಳು ತಾವಾಗಿ ಕಾಲಡಿಯಿಂದ ಜಾರುತ್ತಿದ್ದವು. ಹೇಳಿದೆ. ಯಾವ ಅಡ್ಡಿಯೂ ಇಲ್ಲದೆ, ಯಾವ ಮಾತಿನ ಮರೆಯೂ ಇಲ್ಲದೆ ಹೇಳಿದೆ. ಕೆಳಗೆ ಸ್ಕೂಟರುಗಳ ನಡುವೆ ನಿಂತು, ಯಾರೂ ಇಲ್ಲವೆಂದು ನೋಡಿಕೊಂಡು ಒಮ್ಮೆ ನಕ್ಕಳು. ಆಗ ಸಾರ್ ಫೋನು.

“ಏನಾಯ್ತಮ್ಮ? ತೊಂಬತ್ತಕ್ಕೆ ನಿಂತ್ರಾ?”

“ಇಲ್ಲ ಸಾರ್. ನಿಜ ಹೇಳಿಬಿಟ್ಟೆ.”

 ಬೈಗುಳಕ್ಕಾಗಿ ಅವಳು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು.

“ಹೇಳಿಬಿಟ್ಯಾ,” ಎಂದರು ಸಾರ್. “ಕೀಲಿಕೈ ಕೇಳಿದ್ರಾ?”

“ಇಲ್ಲ. ಕಾಫಿ ಕೊಡಲಿಲ್ಲ.”

“ಅಷ್ಟೇ ತಾನೇ? ಪರ್ವಾಗಿಲ್ಲ. ಎಷ್ಟು ಹೇಳ್ದೆ?”

“ಎಪ್ಪತ್ತೆಂಟು.”

“ಎಪ್ಪತ್ತೆಂಟಾ?” ಸಾರ್ ದನಿ ನಿಜವಾಗಿ ಏರಿದ್ದು ಈಗ. “ಅದ್ಯಾವ ಲೆಕ್ಕ?”

“ಹಿಂದಿನ ರೋಡಿಂದು, ಹೋದ ತಿಂಗಳು ಆಯ್ತಲ್ಲ ಸಾರ್, ಅದಕ್ಕೆ…”

“ಅದಕ್ಕೆ ಕಾರ್ ಪಾರ್ಕಿಂಗ್ ಇದೆಯಲ್ಲಮ್ಮ! ಇದಕ್ಕೆಲ್ಲಿದೆ? ಸ್ಕೂಟರ್ ನಿಲ್ಸೋಕೆ ಜಗಳ ಅಲ್ಲಿ. ಎಪ್ಪತ್ತೈದು ಕಣಮ್ಮ ಅದು. ಎಪ್ಪತ್ತೈದರ ಮೇಲೆ ಒಂದು ರೂಪಾಯಿ ಬಂದ್ರೆ ನಾನೇ ಈಡುಗಾಯಿ ಒಡೀತೀನಿ. ಪಾರ್ಕಿಂಗ್ ಕಳೀಲಿಲ್ವಾ ನೀನು?”

ಕಳೆದಿದ್ದಳು. ಆ ಸಂಜೆ ಆಫೀಸಿನಲ್ಲಿ ಪಾರ್ಕಿಂಗಿಗೆಂದು ಮೂರು ಕಳೆದದ್ದು, ಎಪ್ಪತ್ತೈದೆಂದು ಕಂಡದ್ದು ಈಗ ಸ್ಪಷ್ಟವಾಗಿ ನೆನಪಿಗೆ ಬಂತು. ಆಮೇಲೆ, ಆಂಟಿಯನ್ನು ಕಂಡು ಬಂದ ಮೇಲೆ, ಯಾವಾಗಲೋ, ಬಸ್ಸಿನಲ್ಲೋ ಹಾಸಿಗೆಯಲ್ಲೋ, ಆ ಮೂರು ತಾವಾಗಿ ಮರಳಿ ಬಂದು ಸೇರಿಕೊಂಡಿದ್ದವು. ಬಾಲ್ಕನಿ ಚೆನ್ನಾಗಿದೆ, ಅಷ್ಟು ಬೆಳಕು, ಅಷ್ಟು ಗಾಳಿ, ಯಾರಾದರೂ ಕೊಟ್ಟೇ ಕೊಡುತ್ತಾರೆ ಎಂದುಕೊಂಡಿದ್ದಳು. ಇಷ್ಟು ದಿನ ತನ್ನೊಳಗೆ ನಿಜವೆಂದು ಜೋಪಾನ ಮಾಡಿಕೊಂಡು ಬಂದದ್ದರಲ್ಲೂ ಕಲಬೆರಕೆ.

“ಬಾಲ್ಕನಿಯಾಗ ಗಾಳಿ ಬಾಳ ಚಲೋ ಬರ್ತದ್ರಿ ಸಾರ್,” ಎಂದಳು. ಸಾರ್ ಎದುರು ಆ ಕನ್ನಡ ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಸಾರ್ ನಗಲಿಲ್ಲ. “ಗಾಳಿಗೆಲ್ಲ ರೇಟ್ ಹಾಕಬಾರದಮ್ಮ,” ಎಂದರು ಮೆತ್ತಗೆ. “ನಾನು ಖುಷಿ ರೇಟ್ ಹೇಳುವಾಗ ಎಷ್ಟು ಹೆಚ್ಚು ಹೇಳಿದೀನಿ ಅಂತ ನಂಗೆ ಗೊತ್ತಿರತ್ತೆ. ಹೋಗ್ಲಿ ಬಿಡು. ಎಪ್ಪತ್ತೆಂಟರಲ್ಲೇ ಇರ್ಲಿ ಈಗ. ಮೂರು ವಾರ ಬಿಟ್ಟು ನಾನೇ ಬಂದು ಮೆಲ್ಲಗೆ ಇಳಿಸ್ತೀನಿ.”

ಎಷ್ಟು ಸುಲಭ! ಮೇಲೆ ಯಂತ್ರದ ಗಡಗಡ ಮತ್ತೆ ಶುರುವಾಗಿತ್ತು; ಮೊದಲಿಗಿಂತ ಜೋರಾಗಿ, ಹುರುಪಿನಿಂದ. ತುದಿಯಲ್ಲಿ ನಿಂತ ಹಾಗೆ, ಆದರೂ ಆಗುತ್ತದೆ ಎಂದಿದ್ದರು ಆಂಟಿ. ಆ ತುದಿಯೇ ಈ ಮೂರು. ನಾಳೆ ಅವರು ಸುಧಾಮಣಿಯ ಎದುರು ಕೂತು ಮಾತಾಡುತ್ತಾರೆ, ಒಪ್ಪಿಕೊಳ್ಳುತ್ತಾರೆ, ಕೊಡುತ್ತಾರೆ. ಒಂದೇ ದಿನದಲ್ಲಿ ಎರಡನೆಯ ಸಲ ಆ ಮುಖದ ಬೆಳಕು ಇಳಿಯುವುದನ್ನು ನೋಡುವುದು, ಅದೂ ಈ ಸಲ ಬೆನ್ನ ಹಿಂದಿನಿಂದಲ್ಲ, ಎದುರಿಗೇ. ಬೇಡ, ಫೋನಿನಲ್ಲಿ ಹೇಳಿದರಾಯಿತು. ನಾಳೆ ಬೆಳಿಗ್ಗೆ ಹೇಳಿದರಾಯಿತು. ಸ್ವಲ್ಪ ತಡವಾಗಿ, ಅಷ್ಟೆ.

ಆ ಕೊನೆಯ ಮಾತು ಯಾರದೆಂದು ಹೊಳೆದು ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು. “ಬ್ಯಾಡ್ರಿ ಸಾರ್. ನಾನೇ ಹೋಗ್ತೀನಿ,” ಎಂದಳು.

“ಈಗ್ಲಾ? ಏಯ್, ಮೊದ್ಲು ಊಟ ಮಾಡು…”

ಮೊದಲ ಮಹಡಿಯವರೆಗೆ ಓಡುತ್ತಲೇ ಹತ್ತಿದಳು. ಎರಡನೆಯದರಲ್ಲಿ ಯಾರೋ ಒಗ್ಗರಣೆ ಹಾಕುತ್ತಿದ್ದರು, ಕೆಮ್ಮು ಬಂತು. ಮೂರನೆಯದಕ್ಕೆ ಬರುವಾಗ ಪಕ್ಕೆ ಹಿಡಿದು, ದುಪಟ್ಟಾ ಜಾರಿ, ಬಾಗಿಲ ಮುಂದೆ ನಿಂತಾಗ ಬೆಲ್ಲು ಒತ್ತಲೂ ಉಸಿರಿರಲಿಲ್ಲ. ಅಷ್ಟರಲ್ಲಿ ಬಾಗಿಲು ತಾನೇ ತೆರೆಯಿತು. ಕತ್ತರಿಸಿದ ದಾರದ ಚೂರುಗಳನ್ನು ಮೊರದಲ್ಲಿ ತುಂಬಿಕೊಂಡು ಹೊರಗೆ ಹಾಕಲು ಬಂದ ಆಂಟಿ ಅವಳನ್ನು ಕಂಡು ಹಾಗೇ ನಿಂತರು.

“ಏನೇ? ಏನು ಮರೆತು ಹೋದೆ?”

“ಆಂಟಿ,” ಎಂದಳು. ಉಸಿರು ಎಳೆದುಕೊಂಡಳು. ಕಣ್ಣು ತಪ್ಪಿಸಲಿಲ್ಲ. “ಎಪ್ಪತ್ತೈದು.”

“ಏನು ಎಪ್ಪತ್ತೈದು?”

“ಎಪ್ಪತ್ತೆಂಟಲ್ಲ, ಎಪ್ಪತ್ತೈದು. ಮೂರು ನಾನ ಹೆಚ್ಚಿಗಿ ಹಾಕಿದ್ದೆ. ನಿಮ್ಮ ಮ್ಯಾಲಿನ ಪ್ರೀತೀಗೆ ಹಾಕಿದ್ದು. ಅಷ್ಟು ಕೊಡೋರು ಯಾರೂ ಇಲ್ರೀ.”

ಆಂಟಿ ಅವಳನ್ನು ನೋಡಿದರು. ಬೆವೆತ ಹಣೆ, ಜಾರಿದ ದುಪಟ್ಟಾ, ಗೋಣಿಚೀಲದಂಥ ಕುರ್ತಾದೊಳಗೆ ಏರಿಳಿಯುತ್ತಿದ್ದ ಎದೆ. ಅವರ ತುಟಿ ಮತ್ತೆ ಸದ್ದಿಲ್ಲದೆ ಅಲ್ಲಾಡಿ, ಲೆಕ್ಕ ಎಲ್ಲೋ ಮುರಿದು, ಅಲ್ಲೇ ನಿಂತಿತು. ಹೊಂಗೆ ಮರ, ಬೆಂಚು, ಬೋರ್ಡು ಒಂದೊಂದಾಗಿ ಆ ಕಣ್ಣುಗಳಿಂದ ಇಳಿದು ಹೋಗುವುದನ್ನು ಮಧುಮತಿ ಎದುರಿಗೇ ನಿಂತು ನೋಡಿದಳು. ಆಮೇಲೆ ಆಂಟಿ ಮೊರವನ್ನು ಹೊಸ್ತಿಲ ಪಕ್ಕಕ್ಕಿಟ್ಟು ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಮೆಟ್ಟಿಲು ಇಳಿದು ಹತ್ತೋದ್ರಲ್ಲಿ ಮೂರು ಲಕ್ಷ ಹೋಯ್ತಲ್ಲೇ,” ಎಂದರು. “ಇನ್ನೊಂದ್ಸಲ ಕೆಳಗೆ ಹೋಗ್ಬೇಡಮ್ಮ ತಾಯಿ. ಬಾ ಒಳಗೆ.”